ವೈರ್ ಅಂದ್ರ ಬಡತನ ಅಲ್ಲ

ಹೋದ ಸಲ ಕುಷ್ಟಗಿಯ ಚಿಗವ್ವನ ಮನೆಗೆ ಹೋಗಿದ್ದಾಗ ಆಕೆಯ ಮಗ ಒಂದು ಕ್ಯಾರಿಬ್ಯಾಗ್ ತಂದು ನನ್ನ ಮುಂದೆ ಸುರಿದ. ಐದು ಇಯರ್‌ಬಡ್ಸ್ ಡಬ್ಬಿ. ಒಂದರಲ್ಲಿ ಎಡಗಿವಿಯದು ಸತ್ತಿದೆ, ಒಂದರಲ್ಲಿ ಬಲಗಿವಿಯದು. ಇನ್ನೊಂದರ ಡಬ್ಬಿಯೇ ಚಾರ್ಜ್ ಆಗುತ್ತಿಲ್ಲ. ಉಳಿದೆರಡು ಇಪ್ಪತ್ತು ನಿಮಿಷ ಹಾಡಿ ಸುಮ್ಮನಾಗುತ್ತವೆ. ಮೂರು ವರ್ಷದ ಬೆಳೆ.

"ಯಣ್ಣಾ, ಆರನೇದ್ ಯಾವ್ದು ತಗೊಳ್ಲಿ?"

ಹುಡುಗ ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ತೂಕದ ಲೆಕ್ಕ ಬರೆಯುತ್ತಾನೆ. ಅಲ್ಲೇ ರೂಮು, ಭಾನುವಾರ ಊರಿಗೆ. ರಾತ್ರಿ ದೋಸ್ತರ ಜೊತೆ ಬಿಜಿಎಂಐ, ಹಗಲು ಹಾಡು. ಐದರಲ್ಲಿ ಮೂರು ಅವನೇ ಕೊಂಡದ್ದು: 899, 1,299, 1,199. ಕೂಡಿಸಿದರೆ 3,397 ರೂಪಾಯಿ. ಉಳಿದೆರಡು ನಾನು ಕೊಟ್ಟದ್ದು. ಕೊಟ್ಟದ್ದು ಅಂದರೆ ಏನು, ಆಫೀಸಿನ ದೀಪಾವಳಿ ಡಬ್ಬಿಯಲ್ಲಿ ಡ್ರೈಫ್ರೂಟ್ಸ್ ಪಕ್ಕ ಕೂತು ಬಂದವು, ನನಗೆ ಬೇಡವಾಗಿದ್ದವು, ಊರಿಗೆ ಸಾಗಿಸಿದೆ. ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿರುವ ನೀವೂ ಸಾಗಿಸಿರುತ್ತೀರಿ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕೊಪ್ಪಳಕ್ಕೆ ಇಳಿಯುವ ಎಷ್ಟು ಬ್ಯಾಗುಗಳಲ್ಲಿ ಇಂಥ ಡಬ್ಬಿ ಇರುತ್ತವೋ!

"ವೈರ್ ಇರೋದು ತಗೋ" ಅಂದೆ. ಅವನು ನನ್ನ ಮುಖ ನೋಡಿದ, ಮದುವೆಗೆ ಹರಿದ ಅಂಗಿ ಹಾಕ್ಕೊಂಡು ಬಾ ಅಂದಹಾಗೆ. "ವೈರಿಂದು ಹಾಕ್ಕೊಂಡ್ರ ದೋಸ್ತರು ನಗ್ತಾರ. ಮುದುಕರ ಮಾಲು ಅಂತಾರ."

ನನ್ನ ಜಗಳ ಇರುವುದು ಈ ಮಾತಿನ ಜೊತೆ. ವೈರ್ ಅಂದರೆ ಬಡತನ, ವೈರ್ ಇಲ್ಲದಿದ್ದರೆ ಮುಂದುವರಿದವರು ಅಂತ ಯಾರು ಕಲಿಸಿದರು ಇವರಿಗೆ? 2016ರಲ್ಲಿ ಐಫೋನ್ 7 ಜ್ಯಾಕ್ ಕಿತ್ತುಹಾಕಿತು. ಆಮೇಲೆ ಒಬ್ಬರ ಹಿಂದೆ ಒಬ್ಬರು ಕಿತ್ತರು. ಅಮೆರಿಕದಲ್ಲಿ ಸಾವಿರ ಡಾಲರ್ ಫೋನಿನವನಿಗೆ ಅದು ಅನುಕೂಲ ಆಗಿರಬಹುದು. ನಮ್ಮ ಕುಷ್ಟಗಿ, ಯಲಬುರ್ಗಾದ ಹುಡುಗನಿಗೆ ಅದು ವರ್ಷ ವರ್ಷ ಕಟ್ಟುವ ಕಂದಾಯ ಆಗಿದೆ.

ಲೆಕ್ಕ ಸರಳ ಇದೆ. ಫೋನಿನ ಬ್ಯಾಟರಿ 5,000 ಎಂಎಎಚ್ ಇದ್ದರೆ, ಕಿವಿಯೊಳಗಿನ ಈ ಬೀಜದಷ್ಟು ಬ್ಯಾಟರಿ ಮೂವತ್ತೋ ನಲವತ್ತೋ ಎಂಎಎಚ್. ದಿನಕ್ಕೆ ಎರಡು ಸಲ ಬರಿದಾಗಿ ಎರಡು ಸಲ ತುಂಬುತ್ತದೆ. ಲಿಥಿಯಂ ಬ್ಯಾಟರಿಗೆ ಕೆಲವು ನೂರು ಸಲದ ಆಯುಷ್ಯ. ಅಲ್ಲಿಗೆ ವರ್ಷ, ಒಂದೂವರೆ ವರ್ಷ, ಮುಗೀತು. ಬಿಚ್ಚಿ ಬೇರೆ ಹಾಕೋಣ ಅಂದರೆ ಅಂಟು ಹಾಕಿ ಮುಚ್ಚಿದ್ದಾರೆ. ವಾರಂಟಿಯಲ್ಲಿ ಕೇಳಿದರೆ "ಬೆಂಗಳೂರಿಗೆ ಕೊರಿಯರ್ ಮಾಡ್ರಿ" ಅಂದರಂತೆ. 899 ರೂಪಾಯಿ ಮಾಲಿಗೆ ಕೊರಿಯರ್ ಖರ್ಚು, ಮೂರು ವಾರ ಕಾಯುವುದು ಬೇರೆ. ಅದಕ್ಕಿಂತ ಹೊಸದೇ ಸಸ್ತಾ ಅನ್ನಿಸುತ್ತದೆ. ಹಾಗೆ ಅನ್ನಿಸಲಿ ಅಂತಲೇ ಮಾಡಿದ್ದು.

ವೈರಿನ ಇಯರ್‌ಫೋನ್ ಸಾಯುವುದಿಲ್ಲವಾ? ಸಾಯುತ್ತದೆ. ಪಿನ್ ಹತ್ತಿರ ವೈರ್ ಮುರಿದು ಒಂದು ಕಿವಿ ಹೋಗುತ್ತದೆ. ಆದರೆ ಅದು ಸಾಲ್ಡರಿಂಗ್ ಕಡ್ಡಿ ಹಿಡಿದ ಯಾವ ಮೊಬೈಲ್ ಅಂಗಡಿಯವನೂ ಹತ್ತು ನಿಮಿಷದಲ್ಲಿ ಮಾಡುವ ರಿಪೇರಿ. ಈಗ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುವ ಮೂನ್‌ಡ್ರಾಪ್ ಚೂ 2, ಸೆವೆನ್ ಹರ್ಟ್ಜ್ ಝೀರೋ ಇಂಥವುಗಳಲ್ಲಿ ವೈರನ್ನು ಕಿವಿಯ ತುಂಡಿನಿಂದಲೇ ಬಿಚ್ಚಿ ತೆಗೆಯಬಹುದು. ವೈರ್ ಹೋದರೆ ವೈರ್ ಮಾತ್ರ ಕೊಳ್ಳಿ, ಉಳಿದದ್ದು ಹಾಗೇ ಇರುತ್ತದೆ.

ಈಗ ಆಟದ ಮಾತು. ಬ್ಲೂಟೂತ್‌ನಲ್ಲಿ ದನಿ ತಡವಾಗಿ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಸಾಧಾರಣ ಇಯರ್‌ಬಡ್ಸ್‌ನಲ್ಲಿ ಆ ತಡ ಸೆಕೆಂಡಿನ ಐದನೇ ಒಂದು ಭಾಗದ ಸುತ್ತಮುತ್ತ. ಗುಂಡು ಹಾರಿದ್ದು ಕೇಳುವಷ್ಟರಲ್ಲಿ ನೀವು ಸತ್ತಿರುತ್ತೀರಿ. "ಗೇಮಿಂಗ್ ಮೋಡ್, 40 ಮಿಲಿಸೆಕೆಂಡ್" ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ, ಕೆಲವುದರಲ್ಲಿ ತಡ ಕಡಿಮೆಯಾಗುವುದೂ ನಿಜ. ಆದರೆ ಡಬ್ಬಿ ಮೇಲೆ ಬರೆಯದ ಸಂಗತಿ ಒಂದಿದೆ. ಮೈಕ್ ಆನ್ ಆದ ಕೂಡಲೇ ಸಾಮಾನ್ಯ ಬ್ಲೂಟೂತ್ ಹಾಡಿನ ದಾರಿ ಬಿಟ್ಟು ಫೋನ್ ಕಾಲಿನ ದಾರಿಗೆ ಇಳಿಯುತ್ತದೆ. ಎಡ ಬಲ ಎರಡೂ ಕೂಡಿ ಒಂದೇ ಆಗುತ್ತದೆ, ಮೇಲಿನ ಸ್ವರಗಳೆಲ್ಲ ಕತ್ತರಿಸಿ ಹೋಗುತ್ತವೆ. ನೀವು ಆಫೀಸ್ ಮೀಟಿಂಗಿನಲ್ಲಿ ಅನ್‌ಮ್ಯೂಟ್ ಮಾಡಿದಾಗ ಎದುರಿನವರ ದನಿ ಬಾವಿಯೊಳಗಿಂದ ಬಂದಹಾಗೆ ಆಗುತ್ತದಲ್ಲ, ಅದೇ. ಆಟದಲ್ಲಿ ಅದರ ಅರ್ಥ: ದೋಸ್ತರ ಜೊತೆ ಮಾತಾಡಬೇಕು ಅಂದರೆ ಹೆಜ್ಜೆ ಸಪ್ಪಳ ಯಾವ ಕಡೆಯಿಂದ ಬಂತು ಅನ್ನುವುದನ್ನು ಬಿಟ್ಟುಕೊಡಬೇಕು. ಎಲ್‌ಇ ಆಡಿಯೋ ಅಂತ ಹೊಸದು ಬಂದಿದೆ, ಅದು ಇದನ್ನು ಸುಧಾರಿಸುತ್ತದೆ. ಫೋನಿನಲ್ಲೂ ಇರಬೇಕು, ಇಯರ್‌ಬಡ್ಸ್‌ನಲ್ಲೂ ಇರಬೇಕು. ನಮ್ಮ ಹುಡುಗನ ಫೋನಿನಲ್ಲಿ ಇಲ್ಲ. ಅವನ ಫೋನಿನಲ್ಲಿ 3.5 ಎಂಎಂ ತೂತು ಇದೆ! ಮೂರು ವರ್ಷದಿಂದ ಅದರಲ್ಲಿ ಧೂಳು ಕೂತಿತ್ತು.

ಕಂಪ್ಯೂಟರಿನಲ್ಲಿ ಆಡುವವರಿಗೆ ಬೇರೆ ಬಲೆ. ಕೆಂಪು ಹಸಿರು ದೀಪ, ಡೇರೆಯಂಥ ಹೆಡ್‌ಸೆಟ್, ಮೇಲೆ "7.1 ಸರೌಂಡ್". ಒಳಗೆ ಬಿಚ್ಚಿ ನೋಡಿ, ಹೆಚ್ಚಿನವುಗಳಲ್ಲಿ ಕಿವಿಗೊಂದರಂತೆ ಎರಡೇ ಸ್ಪೀಕರ್. ಉಳಿದದ್ದು ಸಾಫ್ಟ್‌ವೇರ್ ಮಾಯೆ. ವ್ಯಾಲರೆಂಟ್‌ನಂಥ ಆಟಗಳಲ್ಲಿ ದಿಕ್ಕು ಲೆಕ್ಕ ಹಾಕುವ ಎಚ್‌ಆರ್‌ಟಿಎಫ್ ಆಟದೊಳಗೇ ಇದೆ. ಅದನ್ನು ಆನ್ ಮಾಡಿ, ಹೊರಗಿನ 7.1 ಆಫ್ ಮಾಡಿ. ಎರಡೂ ಹಾಕಿದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದಹಾಗೆ.

ಇನ್ನು ಡ್ರೈವರ್ ಸೈಜು. 10 ಎಂಎಂ, 13 ಎಂಎಂ, 50 ಎಂಎಂ. ದೊಡ್ಡದಾದಷ್ಟು ಒಳ್ಳೇದಂತೆ. ನಮ್ಮ ಯಲಬುರ್ಗಾ ಕಡೆ ಹತ್ತು ಎಕರೆ ಒಣಭೂಮಿ ಇದ್ದವನೂ ಗಂಗಾವತಿ ಕಡೆ ಕಾಲುವೆ ನೀರಿನ ಎರಡು ಎಕರೆ ಗದ್ದೆ ಇದ್ದವನೂ ಹೆಣ್ಣು ಕೇಳೋಕೆ ಬಂದರೆ ಬರೀ ಎಕರೆ ಕೇಳಿ ಯಾರಾದರೂ ಕೊಡುತ್ತಾರಾ? ನೀರು ಐತೇನು, ಮಣ್ಣು ಎಂಥಾದ್ದು ಅಂತ ಕೇಳ್ತಾರೆ. "20 ಹರ್ಟ್ಜ್‌ನಿಂದ 20,000 ಹರ್ಟ್ಜ್" ಅಂತ ಬರೆಯುತ್ತಾರಲ್ಲ, ಅದು ಮನುಷ್ಯನ ಕಿವಿಯ ವ್ಯಾಪ್ತಿ. ಆ ವ್ಯಾಪ್ತಿಯೊಳಗೆ ಯಾವ ಸ್ವರ ಎಷ್ಟು ಏರಿಳಿತದಲ್ಲಿ ಬರುತ್ತದೆ ಅಂತ ಹೇಳದಿದ್ದರೆ ಆ ಅಂಕಿಗೆ ಬೆಲೆ ಇಲ್ಲ. ನೂರು ರೂಪಾಯಿ ಮಾಲಿನ ಮೇಲೂ ಅದೇ ಇರುತ್ತದೆ.

ಸಿಟ್ಟು ಬರುವುದು ಬಾಸ್ ವಿಷಯಕ್ಕೆ. ಸಸ್ತಾ ಮಾಲು ಅಂದರೆ ಧಡ್ ಧಡ್ ಅನ್ನಬೇಕು, ಚಿಕ್ಕ ಊರಿನ ಹುಡುಗರಿಗೆ ಅಷ್ಟು ಸಾಕು ಅನ್ನುವ ತೀರ್ಮಾನ ಎಲ್ಲೋ ಆಗಿಹೋಗಿದೆ. ಯಾವ ಊರು ಇದು? ಕೊಪ್ಪಳದಿಂದ ರೈಲಿನಲ್ಲಿ ಒಂದು ತಾಸು ಹೋದರೆ ಗದಗ. ಅಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಬರೀ ಕಿವಿಯಿಂದ ಸಂಗೀತ ಕಲಿಸಿದ ವೀರೇಶ್ವರ ಪುಣ್ಯಾಶ್ರಮ ಇದೆ. ಭೀಮಸೇನ ಜೋಶಿ ಆ ಕಡೆಯವರು. ನಮ್ಮ ಹಳ್ಳಿಗಳಲ್ಲಿ ಭಜನಿ ನಡೆದಾಗ ಹಾರ್ಮೋನಿಯಂ ಒಂದು ಎಳೆ ತಪ್ಪಿದರೆ ಕಟ್ಟಿ ಮೇಲೆ ಕೂತ ಮುದುಕ "ಹಾಂ, ಹಾಂ" ಅಂತ ಕೈ ಎತ್ತುತ್ತಾನೆ. ಇವರ ಮೊಮ್ಮಕ್ಕಳಿಗೆ ಕಿವಿ ಇಲ್ಲ ಅಂತೀರಾ? ಬಾಸ್ ಉಬ್ಬಿಸಿದ ಇಯರ್‌ಬಡ್ಸ್‌ನಲ್ಲಿ ಒಂದು ವಚನ ಗಾಯನ ಹಾಕಿ ಕೇಳಿ. ತಬಲಾದ ಡಗ್ಗಾ ಮಾತ್ರ ತಲೆಗೆ ಬಡಿಯುತ್ತದೆ. ತಂಬೂರಿ ಎಲ್ಲೋ ಹೋಗಿ, ಹಾಡುವವರು ಕಂಬಳಿ ಹೊದ್ದು ಕೂತಹಾಗೆ ಕೇಳುತ್ತಾರೆ.

ಅಂಗಡಿಯವರಿಗೆ ಬೈದೆ. ಈಗ ನಮ್ಮವರಿಗೂ ಸ್ವಲ್ಪ. ಬೆಂಗಳೂರಿನಲ್ಲಿ ಒಂದು ಜಾತಿ ಇದೆ, ಇಪ್ಪತ್ತೈದು ಸಾವಿರದ ಕೆಳಗಿನದೆಲ್ಲ ಕಸ ಅನ್ನುವವರು. ನಾನೂ ಎರಡು ವರ್ಷ ಆ ಜಾತಿಯಲ್ಲಿದ್ದೆ. ಯಾರದೋ ಮಾತು ಕೇಳಿ ಹದಿನೈದು ಸಾವಿರ ಕೊಟ್ಟು ಹಿಂಬದಿ ತೆರೆದಿರುವ ಹೆಡ್‌ಫೋನ್ ತಂದೆ. ನಿಶ್ಶಬ್ದ ಕೋಣೆಯಲ್ಲಿ ಅದು ಬಹಳ ಚೆಂದ, ಒಪ್ಪುತ್ತೇನೆ. ನನ್ನ ಕೋಣೆಯ ಕೆಳಗೆ ನೀರಿನ ಟ್ಯಾಂಕರ್ ನಿಲ್ಲುತ್ತದೆ. ಹೊರಗಿನದೆಲ್ಲ ಒಳಗೆ, ಒಳಗಿನದೆಲ್ಲ ಹೊರಗೆ. ಈಗ ಅದು ಅಲ್ಮಾರಿ ಮೇಲೆ ಟೋಪಿಯ ಹಾಗೆ ಕೂತಿದೆ. ಊರಿನ ಹುಡುಗ ಕೇಳಿದಾಗ "ಹತ್ತು ಸಾವಿರ ಕೂಡಿಸು, ಆಮೇಲೆ ಹೇಳ್ತೀನಿ" ಅನ್ನುವವರು ಸಲಹೆ ಕೊಡುತ್ತಿಲ್ಲ, ಬಾಗಿಲು ಹಾಕಿಕೊಳ್ಳುತ್ತಿದ್ದಾರೆ. ಅವನು ಹೋಗಿ ಆರನೇ ಇಯರ್‌ಬಡ್ಸ್ ತರುತ್ತಾನೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವತ್ತು ಊಟಕ್ಕೆ ಕೂತಾಗ ಚಿಗವ್ವ ಅಂದಳು: "ಕರದ್ರ ಹೊಳ್ಳಿ ನೋಡಂಗಿಲ್ಲೋ ಇವ. ದುಡಿಯಾಕ ಹತ್ತಿದ ಮ್ಯಾಲ ಸೊಕ್ಕು ಬಂದೈತಿ ಅಂತ ಮಾಡಿದ್ದೆ." ನಾನೂ ಗಮನಿಸಿದ್ದೆ. ಎರಡನೇ ಸಲ ಹೇಳಿದರೆ ಮಾತ್ರ ಉತ್ತರ. ವಯಸ್ಸು ಇಪ್ಪತ್ತಮೂರು.

ಕೊಪ್ಪಳದಲ್ಲಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮುಚ್ಚಿದ ಕೋಣೆಯಲ್ಲಿ ಕೂರಿಸಿ ಬೇರೆ ಬೇರೆ ಸ್ವರ ಕೇಳಿಸಿ ಗ್ರಾಫ್ ತೆಗೆದರು. ಗೆರೆ ನೆಟ್ಟಗೆ ಬಂದು 4,000 ಹರ್ಟ್ಜ್ ಹತ್ತಿರ ಗುಂಡಿಗೆ ಬಿದ್ದು ಮತ್ತೆ ಮೇಲೆ ಎದ್ದಿತ್ತು. ಸದ್ದಿನಿಂದ ಪೆಟ್ಟು ತಿಂದ ಕಿವಿಯ ಗುರುತು ಅದು ಅಂದರು. "ಮಿಲ್ಲಿಂದನೋ, ಇಯರ್‌ಫೋನಿಂದನೋ?" ಅಂದೆ. ಬೇರೆ ಮಾಡಿ ಹೇಳೋಕೆ ಆಗಲ್ಲ, ಎರಡೂ ಕೂಡಿರಬಹುದು ಅಂದರು. ಹುಡುಗ ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಬಾಯಿ ಬಿಟ್ಟ. ಮಿಲ್ಲಿನ ಗದ್ದಲ ತಡೆಯಲಾರದೆ ಇಡೀ ದಿನ ಇಯರ್‌ಬಡ್ಸ್ ಹಾಕ್ಕೊಂಡು, ಮಷೀನಿನ ಸದ್ದು ಮುಳುಗುವ ತನಕ ಹಾಡು ಏರಿಸುತ್ತಿದ್ದನಂತೆ.

ನಮ್ಮ ಕಾರ್ಖಾನೆ ನಿಯಮಗಳ ಪ್ರಕಾರ ಎಂಟು ತಾಸಿಗೆ 90 ಡೆಸಿಬಲ್ ಮಿತಿ. ವಿಶ್ವ ಆರೋಗ್ಯ ಸಂಸ್ಥೆ ಹಾಡು ಕೇಳುವವರಿಗೆ ಹೇಳುವುದು: 80 ಡೆಸಿಬಲ್ ಆದರೆ ವಾರಕ್ಕೆ 40 ತಾಸು, 90 ಆದರೆ ವಾರಕ್ಕೆ ನಾಲ್ಕೇ ತಾಸು. ದಿನಕ್ಕಲ್ಲ, ವಾರಕ್ಕೆ. ಸುತ್ತಲಿನ ಸದ್ದನ್ನು ಮುಳುಗಿಸಬೇಕಾದರೆ ಹಾಡು ಅದಕ್ಕಿಂತ ಮೇಲೆ ಇರಬೇಕಲ್ಲ? ಒಳಕಿವಿಯ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸ, ಶ ಇಂಥ ಅಕ್ಷರಗಳ ಅಂಚು ಇರುವುದೂ ಮೇಲಿನ ಸ್ವರಗಳಲ್ಲೇ. ಅದಕ್ಕೇ ಅವ್ವನ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ.

ಹೀಗಾಗಿ ಹೆಡ್‌ಫೋನ್ ಆರಿಸುವಾಗ ನಾನು ಈಗ ಕೇಳುವ ಮೊದಲ ಪ್ರಶ್ನೆ ದನಿಯದ್ದಲ್ಲ. ಕಿವಿಗೆ ಬಿಗಿಯಾಗಿ ಕೂರುತ್ತದಾ? ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರ್ ಟಿಪ್ ಇರುತ್ತವೆ, ನೂರಕ್ಕೆ ತೊಂಬತ್ತು ಜನ ಮೊದಲೇ ಹಾಕಿದ್ದನ್ನು ಬದಲಿಸುವುದೇ ಇಲ್ಲ ಅಂತ ನನ್ನ ಗುಮಾನಿ. ಸರಿಯಾದ ಟಿಪ್ ಹಾಕಿದರೆ ಹೊರಗಿನ ಸದ್ದು ಕಡಿಮೆಯಾಗುತ್ತದೆ, ಬಾಸ್ ತಾನಾಗಿ ಬರುತ್ತದೆ, ವಾಲ್ಯೂಮ್ ಅರ್ಧಕ್ಕೆ ಸಾಕು. ಟಿಪ್ಪೇ ಇಲ್ಲದೆ ಸಡಿಲವಾಗಿ ಜೋತುಬೀಳುವ ಮಾದರಿಯನ್ನು ಸಾರಿಗೆ ಬಸ್ಸಿನಲ್ಲಿ ಹಾಕ್ಕೊಂಡರೆ ಎಂಜಿನ್ನಿನ ಜೊತೆ ಜಗಳಕ್ಕೆ ನಿಂತಂತೆ. ಎಎನ್‌ಸಿ ಇದೆಯಲ್ಲ ಅಂತೀರಿ. ರೈಲಿನ ಗುಂಯ್ ಅನ್ನುವ ಸದ್ದಿಗೆ ಅದು ಒಳ್ಳೆಯದು. ಮಿಲ್ಲಿನ ಕಟಕಟಕ್ಕೆ ಅದು ರಕ್ಷಣೆ ಅಲ್ಲ. ಅಲ್ಲಿ ಬೇಕಾದ್ದು ಕೆಲವೇ ರೂಪಾಯಿಯ ಫೋಮ್ ಇಯರ್‌ಪ್ಲಗ್, ಹಾಡಿಲ್ಲದ್ದು. ಅದನ್ನು ಕೊಡಬೇಕಾದವನು ಮಿಲ್ಲಿನ ಸಾಹುಕಾರ. ಅವನು ಕೊಟ್ಟಿರಲಿಲ್ಲ, ನಾನು ಒಂದು ಡಬ್ಬಿ ತರಿಸಿ ಕೊಟ್ಟೆ.

ಎರಡನೇ ಮಾತು, ಅಂಗಡಿಯಲ್ಲಿ ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಜೋರಾಗಿ ಕೇಳಿದ್ದೇ ಒಳ್ಳೆಯದು ಅಂತ ಮನಸ್ಸು ಮೋಸ ಹೋಗುತ್ತದೆ, ಮಾರುವವರಿಗೆ ಅದು ಗೊತ್ತು. ನಿಮಗೆ ಬಾಯಿಪಾಠ ಇರುವ ಹಾಡು ಹಾಕಿ, ಅವರು ಹಾಕಿದ್ದನ್ನಲ್ಲ. ಆಟಕ್ಕೆ ಬೇಕಾದರೆ ಮೈಕ್ ಇರುವ ವೈರ್ ಕೇಳಿ ತಗೊಳ್ಳಿ. ಫೋನಿಗೆ ಜ್ಯಾಕ್ ಇಲ್ಲದಿದ್ದರೆ ಟೈಪ್-ಸಿ ಡಾಂಗಲ್ ಸಾಕು. ಆದರೆ ಆಪಲ್‌ನದ್ದು ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಸದ್ದು ಕಡಿಮೆ ಕೊಡುತ್ತದೆ, ಬೇರೆಯದು ನೋಡಿ. ಮನೆಯಲ್ಲಿ ಕೂತು ಕೇಳಲು ದೊಡ್ಡದೇ ಬೇಕು ಅಂದರೆ ಆಡಿಯೋ ಟೆಕ್ನಿಕಾ ಎಂ20ಎಕ್ಸ್ ದರ್ಜೆಯ ಮುಚ್ಚಿದ ಹೆಡ್‌ಫೋನ್ ಸಾಕು, ಅದಕ್ಕಿಂತ ಮೇಲೆ ಹೋಗುವ ಮೊದಲು ನಿಮ್ಮ ಕೋಣೆಯ ಫ್ಯಾನಿನ ಸದ್ದು ಕೇಳಿಸಿಕೊಳ್ಳಿ. ವೈರ್ ಇಲ್ಲದ್ದೇ ಬೇಕಾದ ಕೆಲಸಗಳೂ ಇವೆ: ಓಡುವಾಗ, ಜಿಮ್ಮಿನಲ್ಲಿ, ಒಲೆ ಮುಂದೆ. ಅದಕ್ಕೆ ತಗೊಳ್ಳಿ. ಆದರೆ ಬಿಐಎಸ್ ಗುರುತು, ಅದರ ಜೊತೆ ಆರ್ ಅಕ್ಷರದ ನೋಂದಣಿ ಸಂಖ್ಯೆ ಇದೆಯಾ ನೋಡಿ.

ಹುಡುಗನಿಗೆ ಬಿಚ್ಚುವ ವೈರಿನದ್ದು ಕೊಡಿಸಿದೆ, ಮೈಕ್ ಸಮೇತ. ಫೋನಿನ ತೂತಿನ ಧೂಳು ತೆಗೆಯಲು ಚಿಗವ್ವನ ಸೂಜಿ ಬೇಕಾಯಿತು. ಮೊದಲ ರಾತ್ರಿ ಹನ್ನೊಂದೂವರೆಗೆ ಅವನ ಫೋನ್ ಬಂತು. "ಯಣ್ಣಾ, ಮಾಳಗಿ ಮ್ಯಾಲ ಒಬ್ಬ ಬಗ್ಗಿ ಅಡ್ಡಾಡಿದ್ದು ಕೇಳಸ್ತು. ದೋಸ್ತರಿಗೆ ಯಾರಿಗೂ ಕೇಳಸಿಲ್ಲ!" ಎಡಕ್ಕೋ ಬಲಕ್ಕೋ ಅಂದೆ. ಎಡಕ್ಕ ಅಂದ. ನಗುವವರು ಇನ್ನೂ ನಗುತ್ತಿದ್ದಾರಂತೆ, ಆದರೆ ಒಬ್ಬ ಎಷ್ಟು ಬಿತ್ತು ಅಂತ ಕೇಳಿದ್ದಾನೆ.

ಆರು ತಿಂಗಳಿಗೆ ಮತ್ತೆ ಗ್ರಾಫ್ ತೆಗೆಸಬೇಕು. ಗುಂಡಿ ತುಂಬುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ, ಇನ್ನೂ ಇಳಿದಿದೆಯಾ ಅಂತ ಮಾತ್ರ ನೋಡುವುದು. ಅಷ್ಟರಲ್ಲಿ ದೀಪಾವಳಿ ಬರುತ್ತದೆ. ಈ ಸಲ ಇಯರ್‌ಬಡ್ಸ್ ಬದಲು ಏನಾದರೂ ತಿನ್ನುವುದು ಕೊಡಿ ಅಂತ ಎಚ್ಆರ್‌ಗೆ ಮೇಲ್ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.