ಹಳೆಯ ಪ್ಲಗ್ಗನ್ನು ಎಸೆಯುವ ಮುನ್ನ

ನಾಲಗೆ ನೋಡದೆ, ನಾಡಿ ಹಿಡಿಯದೆ ಮದ್ದು ಕೊಡುವ ಪಂಡಿತನನ್ನು ನಾವಾರೂ ನಂಬುವುದಿಲ್ಲ. ಆದರೆ ನಮ್ಮೂರ ಗಾಡಿಗಳ ಮಟ್ಟಿಗೆ ನಡೆಯುತ್ತಿರುವುದು ಬಹುಮಟ್ಟಿಗೆ ಇಂಥ ಚಿಕಿತ್ಸೆಯೇ. ಎಂಜಿನ್ನು ಕೆಮ್ಮತೊಡಗಿತೆಂದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಅವುಗಳ ಮುಖವನ್ನು ಒಮ್ಮೆಯೂ ದಿಟ್ಟಿಸದೆ ಬೇಲಿಯಾಚೆ ಎಸೆದು, ಹೊಸವನ್ನು ತಿರುಪಿ ಹೊರಟುಬಿಡುವುದೇ ರೂಢಿಯಾಗಿದೆ. ಪ್ಲಗ್ಗು ಬದಲಾಯಿಸುವುದು ಮನೆಯಲ್ಲೇ ಮಾಡಬಹುದಾದ ಕೆಲಸವೆಂಬುದನ್ನೂ, ಕಳಚಿದ ಹಳೆಯ ಪ್ಲಗ್ಗು ಹೊಸದಕ್ಕಿಂತ ಹೆಚ್ಚಿನ ಮಾತು ಹೇಳಬಲ್ಲದೆಂಬುದನ್ನೂ ಈ ಸಲ ಓದುಗರ ಮುಂದಿಡಬಯಸುತ್ತೇವೆ.

ಉದಾಹರಣೆಗೆ ನಮ್ಮ ಕಾಸರಗೋಡಿನ ಒಳದಾರಿಗಳಿಗೆ ಚಿರಪರಿಚಿತವಾದ ಓಮ್ನಿಯನ್ನೇ ತೆಗೆದುಕೊಳ್ಳೋಣ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತುಹೋಯಿತು. ಆದರೂ ಅಡಿಕೆಯ ಗೋಣಿಗಳನ್ನೂ, ಮದುವೆಯ ದಿಬ್ಬಣವನ್ನೂ, ಬೆಳಗಾದರೆ ಶಾಲೆಯ ಮಕ್ಕಳನ್ನೂ ಹೊತ್ತು ಗುಡ್ಡ ಹತ್ತುವ ಓಮ್ನಿಗಳು ಇಂದಿಗೂ ನಮ್ಮಲ್ಲಿ ಕಡಿಮೆಯಿಲ್ಲ. ಅದರ ಎಂಜಿನ್ನು ಮುಂದಿನ ಆಸನಗಳ ಕೆಳಗೆ ಅಡಗಿದೆ. 796 ಸಿ.ಸಿ., ಮೂರು ಸಿಲಿಂಡರು, ಒಂದೊಂದಕ್ಕೆ ಒಂದೊಂದರಂತೆ ಮೂರು ಪ್ಲಗ್ಗು.

ಪ್ಲಗ್ಗಿನ ಕೆಲಸವನ್ನು ನಮ್ಮ ಮಕ್ಕಳು ಪಾಠಪುಸ್ತಕದಲ್ಲಿ ಓದಿರುತ್ತಾರೆ. ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆಳೆದುಕೊಳ್ಳುವುದು, ಅದುಮುವುದು, ಉರಿಸುವುದು, ಹೊಗೆಯನ್ನು ಹೊರದಬ್ಬುವುದು, ಇವು ಎಂಜಿನ್ನಿನ ನಾಲ್ಕು ನಡೆಗಳು. ಅದುಮುವ ನಡೆ ಮುಗಿಯುತ್ತ ಬಂದಾಗ ಕಿಡಿ ಕೊಡುವುದು ಪ್ಲಗ್ಗಿನ ಪಾಲಿನ ಕೆಲಸ. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲು ಹತ್ತು ಇಪ್ಪತ್ತು ಸಾವಿರ ವೋಲ್ಟಿಗೇರಿಸುತ್ತದೆ. ಆ ವಿದ್ಯುತ್ತು ಪ್ಲಗ್ಗಿನ ತುದಿಯಲ್ಲಿರುವ ಒಂದು ಮಿಲಿಮೀಟರಿನಷ್ಟು ಸಣ್ಣ ಬಿರುಕನ್ನು ಹಾರಿದಾಗ ಕಿಡಿ ಹುಟ್ಟುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಎಂಜಿನ್ನಿನ ಎರಡು ಸುತ್ತಿಗೆ ಪ್ರತಿ ಪ್ಲಗ್ಗೂ ಒಂದು ಕಿಡಿ ಕೊಡುತ್ತದೆ. ಗಂಟೆಗೆ 60 ಕಿಲೋಮೀಟರ್ ಓಡುವಾಗ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆಂದು ಇಟ್ಟುಕೊಂಡರೆ, ಒಂದು ಕಿಲೋಮೀಟರಿಗೆ ಒಂದು ಪ್ಲಗ್ಗು 1500 ಕಿಡಿ ಕೊಟ್ಟಂತಾಯಿತು. 20,000 ಕಿಲೋಮೀಟರಿಗೆ ಮೂರು ಕೋಟಿ ಕಿಡಿ! ಒಂದೊಂದು ಕಿಡಿಯೂ ಲೋಹವನ್ನು ಕಾಣದಷ್ಟು ಸವೆಸುತ್ತದೆ, ಬಿರುಕು ಹಿಗ್ಗುತ್ತದೆ, ಕಿಡಿ ಬಡವಾಗುತ್ತದೆ. ಆದುದರಿಂದಲೇ ನಿಕ್ಕಲ್ಲಿನ ಸಾಮಾನ್ಯ ಪ್ಲಗ್ಗುಗಳ ಆಯುಸ್ಸನ್ನು ಸುಮಾರು 20ರಿಂದ 30 ಸಾವಿರ ಕಿಲೋಮೀಟರ್ ಎಂದು ಎಣಿಸುವುದು. ಗಾಡಿಯ ಜೊತೆಗೆ ಬಂದ ಪುಸ್ತಕದಲ್ಲಿ ಹೇಳಿದ ಅವಧಿಯೇ ಪ್ರಮಾಣ.

ಇಷ್ಟು ದುಡಿಯಬಲ್ಲ ಪ್ಲಗ್ಗು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಜರ್ಮನಿಯಲ್ಲಿ ರಾಬರ್ಟ್ ಬಾಷ್ ಅವರ ಕಾರ್ಯಾಗಾರದ ಇಂಜಿನಿಯರ್ ಗಾಟ್ಲೋಬ್ ಹೋನೋಲ್ಡ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೋ ಯಂತ್ರವನ್ನೂ ಅದಕ್ಕೊಪ್ಪುವ ಪ್ಲಗ್ಗನ್ನೂ 1902ರಲ್ಲಿ ರೂಪಿಸಿದ ಮೇಲೆಯೇ ಅದು ನಂಬಿಕೆಗೆ ಅರ್ಹವಾದ ವಸ್ತುವಾದದ್ದು. 1951ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದನ್ನು ನಮ್ಮ ನಾಡಿನಲ್ಲೇ ತಯಾರಿಸಿತು. 2008ರಲ್ಲಿ ಆ ಕಂಪನಿ ಬಾಷ್ ಎಂದು ಹೆಸರು ಬದಲಾಯಿಸಿಕೊಂಡರೂ ನಮ್ಮ ಹಿರಿಯ ಚಾಲಕರ ಬಾಯಲ್ಲಿ ಅದು ಇಂದಿಗೂ 'ಮೈಕೋ'ವೇ.

ಇನ್ನು ಕೆಲಸದ ಕ್ರಮ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೈಬ್ರೇಕು ಎಳೆದು, ಕೀಲಿಕೈ ತೆಗೆದಿಡಿ. ಪೆಟ್ರೋಲಿನ ವಾಸನೆಯೋ ಅನಿಲದ ವಾಸನೆಯೋ ಬರುತ್ತಿದ್ದರೆ ಅಂದು ಆ ಕೆಲಸವೇ ಬೇಡ. ಮೊದಲು ಸೋರಿಕೆಯ ಮೂಲ ಹುಡುಕಿಸಿ. ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಸಿಲಿಂಡರಿನ ತಲೆಭಾಗ ಅಲ್ಯೂಮಿನಿಯಮ್ಮಿನದು. ಬಿಸಿಯಿರುವಾಗ ತಿರುಪಿದರೆ ಮರೆ ಕಿತ್ತುಬರುವ ಭಯವಿದೆ. ಆಸನವೆತ್ತಿ, ಪ್ಲಗ್ಗಿನ ಸುತ್ತಲಿನ ಧೂಳನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಿರಿ. ಇಲ್ಲವಾದರೆ ಪ್ಲಗ್ಗು ಕಳಚಿದೊಡನೆ ಆ ಮರಳೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ.

ವಯರನ್ನು ಜಗ್ಗದೆ ಅದರ ರಬ್ಬರ್ ಟೋಪಿಯನ್ನೇ ಹಿಡಿದು, ತುಸು ತಿರುಚಿ ಎಳೆಯಿರಿ. ಒಮ್ಮೆಗೆ ಒಂದೇ ಪ್ಲಗ್ಗಿನ ಕೆಲಸ ಮುಗಿಸಿದರೆ ವಯರುಗಳು ಅದಲುಬದಲಾಗುವ ಪ್ರಮೇಯವೇ ಇರುವುದಿಲ್ಲ. ಪ್ಲಗ್ ಸ್ಪ್ಯಾನರನ್ನು ನೆಟ್ಟಗೆ ಕೂರಿಸಿ ಕಳಚಿರಿ. ಓರೆಯಾದರೆ ಪಿಂಗಾಣಿ ಸೀಳೀತು. ಹೊಸ ಪ್ಲಗ್ಗಿನ ಸಂಖ್ಯೆಯೂ ಬಿರುಕಿನ ಅಳತೆಯೂ ಪುಸ್ತಕದಲ್ಲಿ ಹೇಳಿದಂತಿವೆಯೇ ಎಂದು ನೋಡಿಕೊಳ್ಳಿ. ಮರೆ ಹೊಂದಿಕೊಂಡಿತೆಂದ ಮಾತ್ರಕ್ಕೆ ಪ್ಲಗ್ಗು ಹೊಂದಿಕೊಳ್ಳುವುದಿಲ್ಲ. ಶಾಖವನ್ನು ಹೊರಸಾಗಿಸುವ ಗುಣದಲ್ಲಿ ಒಂದಕ್ಕೂ ಮತ್ತೊಂದಕ್ಕೂ ವ್ಯತ್ಯಾಸವುಂಟು.

ಹೊಸ ಪ್ಲಗ್ಗಿನ ಹಿಂಭಾಗಕ್ಕೆ ಗೇಣುದ್ದದ ರಬ್ಬರ್ ಕೊಳವೆಯೊಂದನ್ನು ಸಿಕ್ಕಿಸಿ, ಅದರಿಂದಲೇ ಮೊದಲ ಸುತ್ತುಗಳನ್ನು ತಿರುಪಿರಿ. ಮರೆ ತಪ್ಪಿ ಕೂತರೆ ಕೊಳವೆ ಜಾರಿ ಎಚ್ಚರಿಸುತ್ತದೆ. ಸ್ಪ್ಯಾನರಿಗೆ ಆ ವಿವೇಕವಿಲ್ಲ. ವಾಷರು ತಳಕ್ಕೆ ತಾಗಿದ ಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು ಸಾಕು. ತೋಳಿನ ಬಲ ತೋರಿಸುವ ಜಾಗ ಇದಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಳಚಿದ ಮೂರನ್ನೂ ಹಾಳೆಯೊಂದರ ಮೇಲೆ 1, 2, 3 ಎಂದು ಬರೆದು ಸಾಲಾಗಿಡಿ. ತುದಿ ತಿಳಿಗಂದು ಬಣ್ಣವಿದ್ದರೆ ಸಿಲಿಂಡರು ಆರೋಗ್ಯವಾಗಿದೆ. ಒಣ ಮಸಿ ಕವಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಗಾಳಿಯ ಫಿಲ್ಟರು ಧೂಳು ಕಟ್ಟಿದೆ. ಬೆಳ್ಳಗೆ ಬೆಂದು ಗುಳ್ಳೆಯೆದ್ದಿದ್ದರೆ ಎಂಜಿನ್ನು ಮಿತಿಮೀರಿ ಕಾಯುತ್ತಿದೆ. ಕಪ್ಪಾಗಿ ಎಣ್ಣೆಯಿಂದ ತೊಯ್ದಿದ್ದರೆ ಪಿಸ್ಟನ್ನಿನ ರಿಂಗುಗಳಿಂದಲೋ ವಾಲ್ವಿನ ಕಡೆಯಿಂದಲೋ ಎಂಜಿನ್ ಆಯಿಲು ಒಳನುಗ್ಗುತ್ತಿದೆ. ಮೂರೂ ಒಂದೇ ಬಗೆಯಾಗಿ ಕೆಟ್ಟಿದ್ದರೆ ದೋಷ ಮೂರಕ್ಕೂ ಸಾಮಾನ್ಯವಾದ ಕಡೆಯಲ್ಲಿದೆ. ಒಂದು ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರಿನ ಮನೆಯೊಳಗೇ ಹುಡುಕಬೇಕು.

ನಮ್ಮ ಶಾಲೆಯಲ್ಲೇ ಕಲಿತ ಯುವಕನೊಬ್ಬ ಸಾಲ ಮಾಡಿ ಹಳೆಯ ಓಮ್ನಿಯೊಂದನ್ನು ಕೊಂಡು ಮಕ್ಕಳನ್ನು ಶಾಲೆಗೆ ಕರೆತರುತ್ತಿದ್ದ. ಏರು ಬಂದರೆ ಅವನ ಗಾಡಿ ಮಿಡುಕುತ್ತಿತ್ತು. ಆಟಿಯ ಮಳೆಯಲ್ಲಿ ಒಂದು ದಿನ ಏರಿನ ನಡುವೆ ಎಂಜಿನ್ನು ನಿಂತು, ಮಕ್ಕಳು ತುಂಬಿದ ಗಾಡಿ ಹಿಂದಕ್ಕೆ ಜಾರಿತು. ಕೈಬ್ರೇಕು ಹಿಡಿದದ್ದು ಎಲ್ಲರ ಪುಣ್ಯ. ಅವನು ಹೋಗುತ್ತಿದ್ದ ಗ್ಯಾರೇಜಿನಲ್ಲಿ ಮೂರು ತಿಂಗಳಿಗೊಮ್ಮೆ ಹೊಸ ಪ್ಲಗ್ಗು ಹಾಕಿ ಕಳುಹಿಸುತ್ತಿದ್ದರೇ ಹೊರತು ಹಳೆಯದನ್ನು ನೋಡಿದವರಿಲ್ಲ. ಬೇಸತ್ತ ಹುಡುಗ ಗಾಡಿಯನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದಾಗ, ಪೇಟೆಯ ವಯಸ್ಸಾದ ಮೆಕ್ಯಾನಿಕರೊಬ್ಬರ ಬಳಿಗೆ ಅವನನ್ನು ಕರೆದುಕೊಂಡು ಹೋದೆವು. ಅವರು ಮೂರು ಪ್ಲಗ್ಗುಗಳನ್ನು ಬೆಂಚಿನ ಮೇಲೆ ಸಾಲಾಗಿಟ್ಟರು. ಎರಡು ಕಂದು, ಒಂದು ಎಣ್ಣೆಯಲ್ಲಿ ಅದ್ದಿದಂತೆ ಕಪ್ಪು.

"ಇದು ಪ್ಲಗ್ಗಿನ ತಪ್ಪಲ್ಲ ಮಾಷ್ಟ್ರೇ. ಪಾಪ, ಇದರ ತಲೆಗೆ ಎಣ್ಣೆ ಬೀಳ್ತಾ ಉಂಟು. ಎಷ್ಟು ಹೊಸತು ಹಾಕಿದರೂ ಇದೇ ಕತೆ" ಎಂದರು ಅವರು.

ಒತ್ತಡವನ್ನು ಅಳೆದು ನೋಡಿದಾಗ ರಿಂಗುಗಳು ಗಟ್ಟಿಯಾಗಿಯೇ ಇದ್ದವು. ಎಣ್ಣೆಯನ್ನು ತಡೆಯಬೇಕಾದ ವಾಲ್ವಿನ ರಬ್ಬರ್ ಸೀಲು ಒಣಗಿ ಕಲ್ಲಾಗಿತ್ತು. ಅದನ್ನು ಬದಲಾಯಿಸಿದ ಮೇಲೆ ಗಾಡಿ ಮಕ್ಕಳನ್ನು ಹೊತ್ತು ಏರು ಹತ್ತುತ್ತಿದೆ. ಹುಡುಗನ ಸಾಲದ ಕಂತೂ ಸಲ್ಲುತ್ತಿದೆ.

ಆ ಹಿರಿಯರ ಮಾತು ನಮ್ಮಂಥ ಉಪಾಧ್ಯಾಯರಿಗೂ ಅನ್ವಯಿಸುತ್ತದೆ. ಪಾಠ ಹತ್ತದ ಹುಡುಗನನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳುಹಿಸುವುದು ಸುಲಭ. ಅವನಿಗೆ ಹಲಗೆ ಕಾಣುತ್ತಿಲ್ಲವೋ, ಬರಿಹೊಟ್ಟೆಯಲ್ಲಿ ಬಂದಿದ್ದಾನೋ ಎಂದು ನೋಡುವುದಕ್ಕೆ ಎರಡು ನಿಮಿಷದ ವ್ಯವಧಾನ ಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲವೆಂದು ತಿಳಿಯಲು, ಎಂಜಿನ್ನು ಓಡುತ್ತಿರುವಾಗಲೇ ಒಂದೊಂದು ವಯರನ್ನು ಕಿತ್ತು ನೋಡುವ ಹಳೆಯ ಪದ್ಧತಿಯೊಂದುಂಟು. ಅದರಿಂದ ಕೈಗೆ ಬಲವಾದ ಆಘಾತ ತಗಲುತ್ತದೆ, ಹೃದಯರೋಗಿಗಳಿಗಂತೂ ಅದು ಅಪಾಯ. ಹೊಸ ಬಗೆಯ ಗಾಡಿಗಳಲ್ಲಿ ಹೀಗೆ ಮಾಡಿದರೆ ಉರಿಯದ ಪೆಟ್ರೋಲು ಹೊಗೆಕೊಳವೆಗೆ ಹೋಗಿ, ಅಲ್ಲಿರುವ ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರು ಹಾಳಾಗುತ್ತದೆ. ಮಿಡುಕುವ ಎಂಜಿನ್ನನ್ನು ಹಾಗೆಯೇ ತಿಂಗಳುಗಟ್ಟಲೆ ಓಡಿಸಿದರೂ ಫಲ ಅದೇ. ಪ್ಲಗ್ಗು ಉಳಿಸಲು ಹೋಗಿ ಅದರ ಎಷ್ಟೋ ಪಾಲು ಹಣವನ್ನು ಪೆಟ್ರೋಲಿನಲ್ಲೂ ರಿಪೇರಿಯಲ್ಲೂ ಕಳೆದುಕೊಂಡಂತೆ.

ಗಾಡಿಯಿರುವ ಮನೆಯವರು ಇಪ್ಪತ್ತು ಪುಟದ ನೋಟುಪುಸ್ತಕವೊಂದನ್ನು ಅದರಲ್ಲೇ ಇಟ್ಟುಕೊಳ್ಳಲಿ. ಪ್ಲಗ್ಗು ಹಾಕಿದ ತಾರೀಖು, ಅಂದಿನ ಕಿಲೋಮೀಟರ್, ಕಳಚಿದವುಗಳ ಬಣ್ಣ, ಇಷ್ಟನ್ನು ಕನ್ನಡದಲ್ಲೇ ಬರೆದಿಡಲಿ. ಕಂಪನಿಯ ಪುಸ್ತಕ ಇಂಗ್ಲಿಷಿನಲ್ಲಿದ್ದರೇನಂತೆ, ನಮ್ಮ ಗಾಡಿಯ ಚರಿತ್ರೆ ನಮ್ಮ ಅಕ್ಷರದಲ್ಲಿರಲಿ. ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಿದರೆ ಇನ್ನೂ ಲೇಸು. ಪ್ಲಗ್ಗಿನ ಮುಖ ನೋಡಿ ಎಂಜಿನ್ನಿನ ಒಳಗನ್ನು ಅರಿಯುವ ಕಣ್ಣು ಅವರಿಗೂ ಬಂದೀತು.