ಗಣಕಯಂತ್ರವು ಅಕ್ಷರದಿಂದ ಆರಂಭವಾಗಲಿ

ಗಣಕಯಂತ್ರದ ಗುಂಡಿಯನ್ನೊತ್ತಿ ಸ್ವಲ್ಪ ಹೊತ್ತು ಕಾದರೆ ಬಣ್ಣದ ಹಿನ್ನೆಲೆಯೊಂದು ಮೂಡುತ್ತದೆ. ಅದರ ಮೇಲೆ ಪುಟ್ಟ ಪುಟ್ಟ ಚಿತ್ರಗಳು, ಅವುಗಳ ನಡುವೆ ಓಡಾಡುವ ಒಂದು ಬಾಣ. ಗಣಕವೆಂದರೆ ಇದೇ ಎಂದು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ನಂಬಿದ್ದಾರೆ. ಆದರೆ ಡೆಸ್ಕ್‌ಟಾಪ್ ಎಂಬ ಹೆಸರಿನ ಈ ಚಿತ್ರತೆರೆಯು ಗಣಕವಲ್ಲ. ಗಣಕದ ಮೇಲೆ ನಡೆಯುವ ಹಲವು ತಂತ್ರಾಂಶಗಳ ಒಂದು ಗುಂಪು ಮಾತ್ರ. ಅದನ್ನು ಆರಂಭಿಸದೆಯೇ ಗಣಕವು ತನ್ನ ಕೆಲಸವನ್ನು ಮಾಡಬಲ್ಲದು. ಆಗ ನಮ್ಮೆದುರಿಗೆ ಕಾಣುವುದು ಕಪ್ಪು ತೆರೆ, ಬಿಳಿಯ ಅಕ್ಷರ, ಮಿನುಗುವ ಒಂದು ಗುರುತು. ಇದಕ್ಕೆ ಕನ್ಸೋಲ್ ಎಂದು ಹೆಸರು. ನಾವು ಅಕ್ಷರತೆರೆ ಎನ್ನೋಣ. ವಿಜ್ಞಾನವನ್ನು ಕಲಿಯುವ ವಿದ್ಯಾರ್ಥಿಯ ಗಣಕವು ಕೆಲವು ತಿಂಗಳ ಮಟ್ಟಿಗಾದರೂ ಅಕ್ಷರತೆರೆಯಲ್ಲಿ ಆರಂಭವಾಗಬೇಕು, ಚಿತ್ರವು ಕೇಳಿದಾಗ ಮಾತ್ರ ಬರಬೇಕು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಕನ್ನಡಿಗರ ಮಟ್ಟಿಗೆ ಒಂದು ದೊಡ್ಡ ತೊಡಕು ಉಂಟು. ಅದನ್ನೂ ಮುಚ್ಚಿಡದೆ ಹೇಳುವೆವು.

ಮೊದಲಿಗೆ, ಗುಂಡಿಯನ್ನೊತ್ತಿದ ಮೇಲೆ ನಡೆಯುವುದೇನು ಎಂಬುದನ್ನು ನೋಡೋಣ. ಯಂತ್ರದ ಫಲಕದಲ್ಲಿಯೇ ನೆಲೆಸಿರುವ ಒಂದು ಸಣ್ಣ ತಂತ್ರಾಂಶವು ಎಚ್ಚತ್ತು, ಸ್ಮೃತಿ, ಕೀಲಿಮಣೆ, ಡಿಸ್ಕ್ ಮುಂತಾದ ಅಂಗಗಳು ಸರಿಯಾಗಿವೆಯೆ ಎಂದು ಪರೀಕ್ಷಿಸುತ್ತದೆ. ಅದು ಡಿಸ್ಕಿನಲ್ಲಿರುವ ಮತ್ತೊಂದು ತಂತ್ರಾಂಶವನ್ನು ಕರೆಯುತ್ತದೆ. ಆ ತಂತ್ರಾಂಶವು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು ಸ್ಮೃತಿಗೆ ತರುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಾದರೆ ಕರ್ನಲ್ ಎದ್ದ ಮೇಲೆ 1ನೆಯ ಸಂಖ್ಯೆಯ ಕಾರ್ಯವೊಂದು ಹುಟ್ಟಿ, ಉಳಿದೆಲ್ಲ ಸೇವೆಗಳನ್ನು ಆರಂಭಿಸುತ್ತದೆ. ಇಷ್ಟಾದಾಗ ಗಣಕವು ಸಿದ್ಧವಾದಂತೆಯೇ. ಚಿತ್ರತೆರೆಯು ಬರುವುದು ಇದರ ಮೇಲಿನ ಮೆಟ್ಟಿಲಿನಲ್ಲಿ. ಆ ಕೊನೆಯ ಮೆಟ್ಟಿಲನ್ನು ಹತ್ತದೆ ಹಿಂದಿನದರಲ್ಲಿಯೇ ನಿಲ್ಲುವಂತೆ ಯಂತ್ರಕ್ಕೆ ಒಂದೇ ಸಾಲಿನ ಆಜ್ಞೆಯಿಂದ ಹೇಳಬಹುದು. ಇಂದಿನ ಬಹುಪಾಲು ಲಿನಕ್ಸ್ ವ್ಯವಸ್ಥೆಗಳಲ್ಲಿ ಹಿಂದಿನ ಮೆಟ್ಟಿಲಿಗೆ ‘ಮಲ್ಟಿ-ಯೂಸರ್ ಟಾರ್ಗೆಟ್’ ಎಂದೂ ಕೊನೆಯದಕ್ಕೆ ‘ಗ್ರಾಫಿಕಲ್ ಟಾರ್ಗೆಟ್’ ಎಂದೂ ಹೆಸರಿದೆ. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕದಲ್ಲಿ ಇವೆರಡರಲ್ಲಿ ಯಾವುದು ಬೇಕೆಂದು ಆರಿಸಿಕೊಳ್ಳಲು ಒಂದು ಪಟ್ಟಿಯನ್ನೇ ಒದಗಿಸಿದ್ದಾರೆ.

ಚರಿತ್ರೆಯಲ್ಲಿಯೂ ಅಕ್ಷರವೇ ಹಿರಿದು. ತೆರೆಯ ಮೇಲಿನ ಸಾಲಿಗೆ 80 ಅಕ್ಷರಗಳೆಂಬ ರೂಢಿಯ ಬೇರು 1928ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ 80 ಕಂಬಸಾಲುಗಳ ರಂಧ್ರಪತ್ರದಲ್ಲಿದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಗೆ ಅಡಿಪಾಯ ಹಾಕಿದಾಗ ಅವರು ಗಣಕದೊಡನೆ ಮಾತನಾಡಿದ್ದು ಕಾಗದದ ಮೇಲೆ ಅಕ್ಷರಗಳನ್ನು ಕುಟ್ಟುವ ದೂರಮುದ್ರಕದ ಮೂಲಕ. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಆಲ್ಟೊ, 1984ರಲ್ಲಿ ಮ್ಯಾಕಿಂಟಾಷ್, 1995ರಲ್ಲಿ ವಿಂಡೋಸ್ 95 ಬಂದು ಚಿತ್ರತೆರೆಯು ಕ್ರಮೇಣ ಮನೆಮಾತಾಯಿತು. ಅದರಿಂದ ಆದ ಉಪಕಾರ ಸಣ್ಣದಲ್ಲ. ಯಂತ್ರವೆಂದರೆ ಹೆದರುತ್ತಿದ್ದ ಕೋಟ್ಯಂತರ ಜನ ಅದನ್ನು ಮುಟ್ಟುವಂತಾಯಿತು. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ.

ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯನ್ನು ನೆನೆದರೆ ನಾಟಕದ ಕಂಪನಿ ನೆನಪಾಗುತ್ತದೆ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕಾಗಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರೆಂಬುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಆ ವೈಭವವು ನೋಡುವವರಿಗೆ ಹಬ್ಬ. ಆದರೆ ನಟನಾಗಬೇಕೆಂದು ಕಂಪನಿಯನ್ನು ಸೇರುವ ಹುಡುಗನು ಆನೆಯಿಂದ ಆರಂಭಿಸುವುದಿಲ್ಲ, ಮಾತಿನಿಂದ ಆರಂಭಿಸುತ್ತಾನೆ. ಪ್ರೇಕ್ಷಕನಿಗೂ ಅಭ್ಯಾಸಿಗೂ ಇರುವ ಅಂತರವಿದು. ಗಣಕದ ಮುಂದೆ ನಮ್ಮ ವಿದ್ಯಾರ್ಥಿಗಳು ಎಂದೆಂದಿಗೂ ಪ್ರೇಕ್ಷಕರಾಗಿಯೇ ಉಳಿಯಬೇಕೆ ಎಂಬುದೇ ಪ್ರಶ್ನೆ.

ವೈಭವಕ್ಕೆ ವೆಚ್ಚವೂ ಉಂಟು. ಅದನ್ನು ಲೆಕ್ಕ ಹಾಕಿಯೇ ನೋಡಬಹುದು. ಹಳೆಯ ಅಕ್ಷರತೆರೆಯಲ್ಲಿ ಸಾಲಿಗೆ 80ರಂತೆ 25 ಸಾಲುಗಳು. ಒಟ್ಟು 2000 ಅಕ್ಷರಗಳು. ಅಕ್ಷರಕ್ಕೊಂದು, ಅದರ ಬಣ್ಣಕ್ಕೊಂದು ಎಂದು ಎರಡೆರಡು ಬೈಟುಗಳಂತೆ ಇಡೀ ತೆರೆಗೆ 4000 ಬೈಟುಗಳು ಸಾಕು. ಇಂದಿನ ಸಾಮಾನ್ಯ ಚಿತ್ರತೆರೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚಿತ್ರಬಿಂದುಗಳಿರುತ್ತವೆ, ಒಟ್ಟು 20,73,600. ಒಂದೊಂದು ಬಿಂದುವಿಗೆ 4 ಬೈಟುಗಳಾದರೆ 82,94,400 ಬೈಟುಗಳು. ಎಂದರೆ ಎರಡು ಸಾವಿರ ಪಟ್ಟಿಗಿಂತಲೂ ಹೆಚ್ಚು. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಇಂದಿನ ಯಂತ್ರಗಳಲ್ಲಿ ಅಕ್ಷರತೆರೆಯನ್ನೂ ಸಾಮಾನ್ಯವಾಗಿ ಬಿಂದುಗಳಿಂದಲೇ ಬರೆಯುತ್ತಾರೆ. ಆದ್ದರಿಂದ ತೆರೆಯೊಂದರಲ್ಲಿಯೇ ಇಷ್ಟು ಉಳಿತಾಯವಾಗುತ್ತದೆಂದು ಹೇಳಲಾಗದು. ನಿಜವಾದ ಉಳಿತಾಯವಾಗುವುದು ಚಿತ್ರತೆರೆಯ ಹಿಂದೆ ಸದಾ ದುಡಿಯುತ್ತಿರುವ ಪರಿವಾರವನ್ನು ಕರೆಯದೆ ಇರುವುದರಿಂದ. ಕಿಟಕಿಗಳನ್ನು ಜೋಡಿಸುವವನು, ನೆರಳನ್ನು ಬರೆಯುವವನು, ಸೂಚನೆಗಳನ್ನು ಸಾರುವವನು, ಹೀಗೆ ಈ ಪರಿವಾರದ ಒಬ್ಬೊಬ್ಬನೂ ಸ್ಮೃತಿಯಲ್ಲಿ ಜಾಗವನ್ನು ಬೇಡುತ್ತಾನೆ. ಒಂದು ಗಿಗಾಬೈಟ್ ಸ್ಮೃತಿಯ ಹಳೆಯ ಯಂತ್ರವು ಇಂದಿನ ಭಾರಿ ಚಿತ್ರತೆರೆಯ ಕೆಳಗೆ ಏದುಸಿರು ಬಿಡುತ್ತದೆ. ಅದೇ ಯಂತ್ರವು ಅಕ್ಷರತೆರೆಯಲ್ಲಿ ಲವಲವಿಕೆಯಿಂದ ಓಡುತ್ತದೆ.

ಈ ಲೆಕ್ಕವು ಕೇವಲ ಕುತೂಹಲದ್ದಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ಅದರ ಮುಂದಿನದಾದ ವಿಂಡೋಸ್ 11 ಕನಿಷ್ಠ 4 ಗಿಗಾಬೈಟ್ ಸ್ಮೃತಿಯನ್ನೂ, ಭದ್ರತೆಗೆಂದು ಹೊಸ ಬಗೆಯ ವ್ಯವಸ್ಥೆಯನ್ನೂ ಬಯಸುತ್ತದೆ. ಇದನ್ನು ಒದಗಿಸಲಾರದ ಯಂತ್ರಗಳು ಕೆಟ್ಟಿಲ್ಲದಿದ್ದರೂ ಮೂಲೆ ಸೇರುವ ಕಾಲ ಬಂದಿದೆ. ತುಮಕೂರಿನಂಥ ನಗರದ ದೊಡ್ಡ ಕಾಲೇಜುಗಳು ಹೊಸದನ್ನು ಕೊಳ್ಳಬಹುದು. ಗುಬ್ಬಿ, ಕುಣಿಗಲ್‌ನಂಥ ತಾಲ್ಲೂಕು ಕೇಂದ್ರದ ಶಾಲೆಗೆ ಹತ್ತು ಗಣಕಗಳನ್ನು ಒಮ್ಮೆಗೇ ಬದಲಿಸುವುದು ಹಗುರವಾದ ಮಾತಲ್ಲ. ಸೀಸವೇ ಮೊದಲಾದ ವಿಷಲೋಹಗಳಿರುವ ಹಳೆಯ ಫಲಕಗಳನ್ನು ಗುಜರಿಗೆ ಹಾಕುವುದು ನೆಲಕ್ಕೂ ನೀರಿಗೂ ಒಳ್ಳೆಯದಲ್ಲ. ಅಂಥ ಯಂತ್ರದಲ್ಲಿ ಮುಕ್ತ ತಂತ್ರಾಂಶವಾದ ಲಿನಕ್ಸನ್ನು ಹಾಕಿ ಅಕ್ಷರತೆರೆಯಲ್ಲಿ ನಡೆಸಿದರೆ ಪ್ರೋಗ್ರಾಂ ಬರೆಯಲು, ಪ್ರಯೋಗದ ಅಂಕಿಅಂಶಗಳನ್ನು ಸಂಸ್ಕರಿಸಲು, ಇತರ ಯಂತ್ರಗಳಿಗೆ ಕಡತಗಳನ್ನು ಹಂಚಲು ಇನ್ನೂ ಹಲವು ವರ್ಷ ಸೇವೆ ಸಲ್ಲುತ್ತದೆ.

ಉಳಿತಾಯಕ್ಕಿಂತ ಹಿರಿದಾದ ಕಾರಣ ಇನ್ನೊಂದುಂಟು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಾವು ಮೊದಲು ಕಲಿಸುವುದು ದಾಖಲೆಯ ಪುಸ್ತಕವನ್ನು ಬರೆಯುವುದನ್ನು. ಏನು ಮಾಡಿದೆವು, ಯಾವ ಕ್ರಮದಲ್ಲಿ ಮಾಡಿದೆವು ಎಂಬುದು ಬರವಣಿಗೆಯಲ್ಲಿದ್ದರೆ ತಾನೆ ಮತ್ತೊಬ್ಬರು ಅದನ್ನು ಮಾಡಿ ನೋಡಿ ಸರಿತಪ್ಪನ್ನು ಹೇಳಬಲ್ಲರು? ಬಾಣವನ್ನು ಅಲ್ಲಿಂದಿಲ್ಲಿಗೆ ಎಳೆದು ಹತ್ತು ಕಡೆ ಒತ್ತಿದ ಕೆಲಸಕ್ಕೆ ಅಂಥ ದಾಖಲೆ ಸಾಮಾನ್ಯವಾಗಿ ಉಳಿಯುವುದಿಲ್ಲ. ಅಕ್ಷರದಲ್ಲಿ ಕೊಟ್ಟ ಆಜ್ಞೆಯಾದರೋ ತಾನೇ ತನ್ನ ದಾಖಲೆ. ಹತ್ತು ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟರೆ ನಾಳೆಯೂ ನಾಡಿದ್ದೂ ಯಂತ್ರವು ಅದನ್ನೇ ತಪ್ಪದೆ ನಡೆಸುತ್ತದೆ. ಸ್ನೇಹಿತನಿಗೆ ಕೊಟ್ಟರೆ ಅವನ ಯಂತ್ರದಲ್ಲಿಯೂ ನಡೆಯುತ್ತದೆ. ಜನಪದ ಹಾಡಿನಿಂದ ಹೆಸರಾದ ಕುಣಿಗಲ್ ಕೆರೆಯ ಏರಿಯ ಮೇಲೆ ವಿದ್ಯಾರ್ಥಿಗಳು ಒಂದು ಪುಟ್ಟ ಗಣಕವನ್ನಿಟ್ಟು ಗಂಟೆಗೊಮ್ಮೆ ನೀರಿನ ಮಟ್ಟವನ್ನು ದಾಖಲಿಸಬೇಕೆಂದುಕೊಳ್ಳೋಣ. ನೋಡಲು ಯಾರೂ ಇಲ್ಲದ ಆ ಜಾಗದಲ್ಲಿ ಬಣ್ಣದ ಹಿನ್ನೆಲೆ ಯಾರಿಗೆ ಬೇಕು? ಇನ್ನು ಬಹಳ ದೊಡ್ಡ ಯಂತ್ರಗಳ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಎಂಬ ಮಹಾಗಣಕವನ್ನು ಸ್ಥಾಪಿಸಿದರು. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್. ಜಗತ್ತಿನ ಅತಿ ವೇಗದ 500 ಮಹಾಗಣಕಗಳ ಪಟ್ಟಿಯಲ್ಲಿ ಎಲ್ಲವೂ 2017ರ ನವೆಂಬರಿನಿಂದ ಲಿನಕ್ಸ್ ವ್ಯವಸ್ಥೆಯವೇ ಆಗಿವೆ. ಇಂಥ ಯಂತ್ರಗಳೊಡನೆ ವಿಜ್ಞಾನಿಯು ದೂರದಿಂದ ವ್ಯವಹರಿಸುವುದು ಸಾಮಾನ್ಯವಾಗಿ ಅಕ್ಷರದ ಆಜ್ಞೆಗಳಿಂದಲೇ. ಮೂಲೆಗೆ ಬಿದ್ದ ಹಳೆಯ ಗಣಕದ ಮುಂದೆ ಕಲಿತ ಭಾಷೆಯೇ ಮಹಾಗಣಕದ ಬಾಗಿಲಿನಲ್ಲಿಯೂ ನಡೆಯುತ್ತದೆಂಬುದು ಬಡಶಾಲೆಯ ವಿದ್ಯಾರ್ಥಿಗೆ ಸಣ್ಣ ಭರವಸೆಯಲ್ಲ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಆಜ್ಞೆಗಳನ್ನು ನೆನಪಿಡುವುದು ಕಷ್ಟವೆನ್ನುವರು. ನಿತ್ಯ ಬಳಕೆಗೆ ಇಪ್ಪತ್ತು ಮೂವತ್ತು ಆಜ್ಞೆಗಳು ಸಾಕು. ಆವರ್ತ ಕೋಷ್ಟಕದ ಮೊದಲ ಇಪ್ಪತ್ತು ಮೂಲವಸ್ತುಗಳನ್ನು ಬಾಯಿಪಾಠ ಮಾಡಿದವರಿಗೆ ಇದು ಹೊರೆಯಾಗದು. ಅಕ್ಷರತೆರೆಯಲ್ಲಿ ಅಳಿಸಿದ ಕಡತಕ್ಕೆ ಕಸದ ಬುಟ್ಟಿಯಿಲ್ಲ, ಹೋದದ್ದು ಹೋಯಿತೇ, ಎನ್ನುವರು. ಇದು ನಿಜ. ಆದುದರಿಂದ ಮುಖ್ಯವಾದ ಕಡತಗಳಿಗೆ ಪ್ರತಿಯಿಟ್ಟು, ಅಭ್ಯಾಸಕ್ಕೆಂದೇ ಬಿಟ್ಟ ಯಂತ್ರದಲ್ಲಿ ಕಲಿಯತಕ್ಕದ್ದು. ಪ್ರಯೋಗಾಲಯದಲ್ಲಿ ಆಮ್ಲವನ್ನು ಮುಟ್ಟುವಾಗ ಎಚ್ಚರವನ್ನು ಕಲಿಸುತ್ತೇವೆಯೇ ಹೊರತು ಆಮ್ಲವನ್ನೇ ಬಚ್ಚಿಡುವುದಿಲ್ಲವಷ್ಟೆ. ಚಿತ್ರ ಬರೆಯುವುದು, ಛಾಯಾಚಿತ್ರ ನೋಡುವುದು ಮುಂತಾದವಕ್ಕೆ ಚಿತ್ರತೆರೆಯೇ ಬೇಕೆಂಬುದೂ ಸರಿ. ಬೇಕಾದಾಗ ಒಂದು ಆಜ್ಞೆಯಿಂದ ಅದನ್ನು ಕರೆಯಬಹುದು.

ಇವೆಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಕನ್ನಡದ್ದು. ಲಿನಕ್ಸ್ ಕರ್ನಲ್ಲಿನ ಅಕ್ಷರತೆರೆಯಲ್ಲಿ ಕನ್ನಡದ ಕಡತವನ್ನು ತೆರೆದರೆ ಕನ್ನಡ ಕಾಣುವುದಿಲ್ಲ. ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಕಾರಣ ಸ್ಪಷ್ಟವಾಗಿದೆ. ಈ ತೆರೆಯು ಒಮ್ಮೆಗೆ 512ಕ್ಕಿಂತ ಹೆಚ್ಚು ಅಕ್ಷರರೂಪಗಳನ್ನು ಇಟ್ಟುಕೊಳ್ಳಲಾರದು; ಮೇಲಾಗಿ ಒಂದು ಸಂಕೇತಕ್ಕೆ ಒಂದು ಮನೆ ಎಂಬ ಚದುರಂಗದ ಹಾಸಿನ ನಿಯಮ ಅದರದ್ದು. ನಮ್ಮ 34 ವ್ಯಂಜನಗಳಿಗೆ 13 ಸ್ವರರೂಪಗಳನ್ನು ಹಚ್ಚಿದರೆ ಗುಣಿತಾಕ್ಷರಗಳೇ 442. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು 95. ಒಟ್ಟು 537, ಒತ್ತಕ್ಷರಗಳ ಮಾತೆತ್ತುವ ಮೊದಲೇ ಮಿತಿ ಮೀರಿತು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯುನಿಕೋಡಿನಲ್ಲಿ ಅದು ಸಕಾರ, ವಿರಾಮಚಿಹ್ನೆ, ತಕಾರ, ಮತ್ತೆ ವಿರಾಮಚಿಹ್ನೆ, ರಕಾರ, ದೀರ್ಘ ಈಕಾರದ ಚಿಹ್ನೆ ಎಂದು ಆರು ಸಂಕೇತಗಳು. ರೂಢಿಯ ಯುಟಿಎಫ್-8 ಕ್ರಮದಲ್ಲಿ ಹದಿನೆಂಟು ಬೈಟುಗಳು. ಆರನ್ನು ಕೂಡಿಸಿ ಒಂದು ರೂಪವನ್ನು ಕಟ್ಟುವ ಕೆಲಸವನ್ನು ಚಿತ್ರತೆರೆಯ ತಂತ್ರಾಂಶಗಳು ಮಾಡುತ್ತವೆ. ಬರಿಯ ಅಕ್ಷರತೆರೆಯು ಮಾಡುವುದಿಲ್ಲ. ಕಡತಕ್ಕೆ ಇದರಿಂದ ಏನೂ ಕೆಡುಕಾಗುವುದಿಲ್ಲ. ಬೈಟುಗಳು ಇದ್ದಂತೆಯೇ ಇರುತ್ತವೆ. ಆದರೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನಿಗೆ ಅವನ ಭಾಷೆಯೇ ಕಾಣದ ತೆರೆಯನ್ನು ತೋರಿಸುವುದು ನ್ಯಾಯವೆ?

ಇದು ಬಗೆಹರಿಯದ ಸಮಸ್ಯೆಯೇನೂ ಅಲ್ಲ. 1980ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಮೊದಲಾಗಿ, 1988ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ಕೆಲಸದಿಂದ ‘ಜಿಸ್ಟ್’ ಎಂಬ ಫಲಕವು ರೂಪುಗೊಂಡಿತು. ಅದನ್ನು ಗಣಕದೊಳಕ್ಕೆ ಸಿಕ್ಕಿಸಿದರೆ ಡಾಸ್ ವ್ಯವಸ್ಥೆಯ ಅಕ್ಷರತೆರೆಯ ಮೇಲೆಯೇ ಕನ್ನಡವೂ ಸೇರಿದಂತೆ ಭಾರತದ ಲಿಪಿಗಳು ಮೂಡುತ್ತಿದ್ದವು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅಂಗೀಕರಿಸಿದ ‘ಇಸ್ಕಿ’ ಸಂಕೇತಕ್ರಮವೂ ಇದೇ ಪರಂಪರೆಯದು. ಇಂದಿನ ಗಣಕಗಳ ಸಾಮರ್ಥ್ಯದ ಅಲ್ಪಾಂಶವೂ ಇಲ್ಲದ ಯಂತ್ರಗಳಲ್ಲಿ ಅಂದು ಸಾಧ್ಯವಾದದ್ದು ಇಂದಿನ ಬರಿಯ ಅಕ್ಷರತೆರೆಯಲ್ಲಿ ಇಲ್ಲವೆಂದರೆ, ಅದು ಯಂತ್ರದ ಮಿತಿಯಲ್ಲ. ಆ ಕಡೆಗೆ ಗಮನ ಕೊಡುವವರ ಕೊರತೆ.

ಕೊರತೆಯು ಏಕೆ ಉಳಿದಿದೆ? ಚಿತ್ರತೆರೆಯಿಂದ ಕೆಳಗಿಳಿಯದವರಿಗೆ ಅಂಥದೊಂದು ಕೊರತೆ ಇದೆಯೆಂಬುದೇ ತಿಳಿಯದು. ಅಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಅದಿಲ್ಲವೆಂದು ಅವರಿಗೆ ಹೇಳುವವರಾರು? ಲಿನಕ್ಸಿನ ಮೂಲ ಬರಹವು ಯಾರು ಬೇಕಾದರೂ ಓದಿ ತಿದ್ದುವಂತೆ ತೆರೆದಿದೆ. ಅದನ್ನು ತಿದ್ದಬಲ್ಲ ಕನ್ನಡಿಗನು ಅಕ್ಷರತೆರೆಯ ಮುಂದೆ ಕುಳಿತು, ತನ್ನ ಹೆಸರು ಅಲ್ಲಿ ಮೂಡದಿರುವುದನ್ನು ಒಮ್ಮೆ ಕಂಡವನಾಗಿರಬೇಕು. ಹೀಗೆ ನಮ್ಮ ಅಭಿಪ್ರಾಯಕ್ಕೆ ಎದುರಾದ ಅತಿ ದೊಡ್ಡ ಆಕ್ಷೇಪವೇ ಅದಕ್ಕೆ ಅತಿ ಬಲವಾದ ಕಾರಣವೂ ಆಗಿದೆ.

ಆದುದರಿಂದ ನಮ್ಮ ಸಲಹೆ ಇಷ್ಟು. ಪ್ರತಿ ಶಾಲೆಯೂ ಕಾಲೇಜೂ ಗುಜರಿಗೆ ಹೊರಟ ಗಣಕಗಳಲ್ಲಿ ಎರಡನ್ನು ಉಳಿಸಿಕೊಂಡು ಅಕ್ಷರತೆರೆಯಲ್ಲಿ ಆರಂಭವಾಗುವಂತೆ ಮಾಡಲಿ. ಪಾಠವನ್ನು ಕನ್ನಡದಲ್ಲಿಯೇ ಹೇಳಲಿ. ಕನ್ನಡದ ಬರವಣಿಗೆಗೆ ಚಿತ್ರತೆರೆಯನ್ನು ಕರೆಯಲಿ. ಲಿನಕ್ಸ್ ಇರುವ ಯಂತ್ರವು ಈಗಾಗಲೇ ಕೈಯಲ್ಲಿರುವ ವಿದ್ಯಾರ್ಥಿಯು ಏನನ್ನೂ ಬದಲಿಸಬೇಕಾಗಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಅಕ್ಷರತೆರೆಯು ಬರುತ್ತದೆ. ಎಫ್3ರ ಬದಲು ಎಫ್1, ಎಫ್2 ಅಥವಾ ಎಫ್7ನ್ನು ಒತ್ತಿದರೆ, ವ್ಯವಸ್ಥೆಗೆ ತಕ್ಕಂತೆ, ಚಿತ್ರತೆರೆಗೆ ಮರಳಬಹುದು. ‘ಸ್ತ್ರೀ’ ಎಂಬ ಒಂದೇ ಅಕ್ಷರವಿರುವ ಕಡತವನ್ನು ಚಿತ್ರತೆರೆಯಲ್ಲಿ ಬರೆದಿಟ್ಟು, ಅಕ್ಷರತೆರೆಯಲ್ಲಿ ಅದರ ಬೈಟುಗಳನ್ನು ಎಣಿಸಿ ನೋಡಿರಿ. ಹದಿನೆಂಟು ಬಂದೀತು, ಸಾಲಿನ ಕೊನೆಯ ಗುರುತೂ ಸೇರಿದ್ದರೆ ಹತ್ತೊಂಬತ್ತು. ಅಕ್ಷರವು ಒಳಗೆ ಭದ್ರವಾಗಿದೆ, ಹೊರಗೆ ಕಾಣುತ್ತಿಲ್ಲ ಎಂಬುದು ಆಗ ಮನದಟ್ಟಾಗುತ್ತದೆ. ಅದು ಕಾಣುವಂತೆ ಮಾಡುವ ಕೆಲಸ ಇನ್ನೂ ಬಾಕಿಯಿದೆ. ನಿಮ್ಮಲ್ಲಿಯೇ ಒಬ್ಬರು ಅದನ್ನು ಕೈಗೆತ್ತಿಕೊಳ್ಳಬಾರದೇಕೆ?