ಊರಿನ ಹೆಸರಿನಲ್ಲಿ ಉಳಿದ ಅಧಿಕಾರಿ

ತುಮಕೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸು ನೆಲಮಂಗಲ ತಾಲ್ಲೂಕನ್ನು ಹೊಕ್ಕ ಮೇಲೆ ಡಾಬಸ್‌ಪೇಟೆ ಸಿಗುತ್ತದೆ. ಶಿವಗಂಗೆ ಬೆಟ್ಟಕ್ಕೆ ಹೋಗುವವರು ಇಳಿಯುವ ಊರು. ಗುಬ್ಬಿ, ತುಮಕೂರುಗಳ ಎಷ್ಟೋ ವಿದ್ಯಾರ್ಥಿಗಳು ಈ ದಾರಿಯಲ್ಲಿ ಓಡಾಡುತ್ತಾರೆ. ಹೆಸರಿನಲ್ಲಿರುವ ಈ 'ಡಾಬಸ್' ಏನೆಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ.

ಅದೊಬ್ಬ ಮನುಷ್ಯನ ಹೆಸರು. ರಿಚರ್ಡ್ ಸ್ಟೂವರ್ಟ್ ಡಾಬ್ಸ್ ಮದ್ರಾಸ್ ಸೈನ್ಯದ ಅಧಿಕಾರಿ. ಕತ್ತಿ ಹಿಡಿಯಲೆಂದು ಸೈನ್ಯ ಸೇರಿದ ಈತ ವರ್ಷಗಟ್ಟಲೆ ಹಿಡಿದದ್ದು ಲೇಖನಿಯನ್ನು.

ನಗರ ಪ್ರಾಂತ್ಯದ ರೈತರ ದಂಗೆಯ ನೆಪದಲ್ಲಿ ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡರು. 1834ರಲ್ಲಿ ಮಾರ್ಕ್ ಕಬ್ಬನ್ ಕಮೀಷನರ್ ಆದರು. ರಾಜ್ಯವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳಾಗಿ ಮಾಡಿ, ಒಂದೊಂದಕ್ಕೂ ಒಬ್ಬ ಐರೋಪ್ಯ ಸೂಪರಿಂಟೆಂಡೆಂಟರನ್ನು ಇಟ್ಟರು. ಚಿತ್ರದುರ್ಗ ವಿಭಾಗ ಡಾಬ್ಸ್‌ ಪಾಲಿಗೆ ಬಂತು. ಅವರು ನೆಲೆಸಿದ್ದು ತುಮಕೂರಿನಲ್ಲಿ.

ಕಂದಾಯ ವಸೂಲಿ, ನ್ಯಾಯ ತೀರ್ಮಾನ ಎರಡೂ ಒಂದೇ ಕೈಯಲ್ಲಿ! ಆಗ ಬೆಂಗಳೂರಿಗೇ ರೈಲು ಇರಲಿಲ್ಲ. ಅದು ಬಂದದ್ದು 1864ರಲ್ಲಿ. ಟಿಪ್ಪುವಿನ ಕಾಲದಿಂದ ಕುಣಿಗಲ್ ಕುದುರೆಗೆ ಹೆಸರಾದದ್ದು ಸುಮ್ಮನೆ ಅಲ್ಲ. ಸೈನ್ಯಕ್ಕೂ ಸವಾರಿಗೂ ಕುದುರೆಯೇ ಬೇಕಿತ್ತು. ಕಬ್ಬನ್ ಆಡಳಿತದಲ್ಲಿ 769 ಸಣ್ಣಪುಟ್ಟ ತೆರಿಗೆಗಳು ರದ್ದಾದವು. ರಾಜ್ಯದಲ್ಲಿ ಸುಮಾರು 1,600 ಮೈಲಿ ರಸ್ತೆಯಾಯಿತು, 300ಕ್ಕೂ ಹೆಚ್ಚು ಸೇತುವೆಗಳಾದವು. 1861ರಲ್ಲಿ ಕಬ್ಬನ್ ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಅವರ ನಂತರ ಬಂದ ಬೌರಿಂಗ್ ಕಾಲದಲ್ಲಿ ತುಮಕೂರು, ಚಿತ್ರದುರ್ಗ ಬೇರೆ ಬೇರೆ ಜಿಲ್ಲೆಗಳಾದವು.

ಹಾಗಾದರೆ ಡಾಬ್ಸ್ ಒಳ್ಳೆಯ ಅಧಿಕಾರಿಯೆ? ತೆರಿಗೆ ಕಡಿಮೆಯಾದದ್ದು ನಿಜ, ರಸ್ತೆಯಾದದ್ದು ನಿಜ. ಯಾರನ್ನೂ ಕೇಳದೆ ಬಂದು ಕುಳಿತ ಸರ್ಕಾರ ಅದು ಎಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ನೆನಪಿಡುವುದು ಚರಿತ್ರೆ ಓದುವವರ ಕೆಲಸ.

ಇನ್ನೊಂದು ಮಾತೂ ಇದೆ. ಡಾಬ್ಸ್ ನಿವೃತ್ತಿಯ ನಂತರ ಮೈಸೂರಿನ ನೆನಪುಗಳನ್ನು ಬರೆದರು. ಪುಸ್ತಕ 1882ರಲ್ಲಿ ಅಚ್ಚಾಯಿತು. 1839ರಲ್ಲಿ ಇಪ್ಪತ್ತರ ಹರೆಯದಲ್ಲಿ ಬಂದು ಗುಬ್ಬಿಯಲ್ಲಿದ್ದ ಪಾದ್ರಿ ವಿಲಿಯಂ ಆರ್ಥರ್ ಕೂಡ 1847ರಲ್ಲಿ ಒಂದು ಪುಸ್ತಕ ತಂದರು. ಆ ಕಾಲದ ತುಮಕೂರು ಸೀಮೆಯನ್ನು ತಿಳಿಯಬೇಕಾದರೆ ಇಂದಿಗೂ ಇಂಥ ಪುಸ್ತಕಗಳನ್ನು ತೆರೆಯಬೇಕು. ಲೆಕ್ಕ ಬರೆದ ಶಾನುಭೋಗ, ವಸೂಲಿ ಮಾಡಿದ ಅಮಲ್ದಾರ, ಬಿಸಿಲಿನಲ್ಲಿ ಜಲ್ಲಿ ಒಡೆದ ಕೂಲಿ, ಕಂದಾಯ ಕಟ್ಟಿದ ರೈತ—ಇವರು ಇಂಥ ಪುಸ್ತಕ ಬರೆಯಲಿಲ್ಲ. ಬರೆದವನ ಹೆಸರು ಉಳಿಯಿತು, ದುಡಿದವರ ಹೆಸರು ಅಳಿಯಿತು.

ಆದರೂ ಎಲ್ಲವೂ ಅಳಿದಿಲ್ಲ. ಅನೇಕರ ಅಟ್ಟದ ಮೇಲೆ, ಅಜ್ಜನ ಪೆಟ್ಟಿಗೆಯಲ್ಲಿ, ಹಳೆಯ ಕಂದಾಯದ ರಸೀದಿ, ಕ್ರಯಪತ್ರ, ಮೋಡಿ ಅಕ್ಷರದ ಕಡತ ಇರಬಹುದು. ಸುಣ್ಣ ಬಣ್ಣದ ಹೊತ್ತಿನಲ್ಲಿ ಅವನ್ನು ಒಲೆಗೆ ಹಾಕುವ ಮುನ್ನ ತಂದೆತಾಯಿ ಒಮ್ಮೆ ಯೋಚಿಸಲಿ. ರಜೆಯಲ್ಲಿರುವ ಮಕ್ಕಳು ಅಜ್ಜಿಯ ಪಕ್ಕ ಕುಳಿತು ಅದರಲ್ಲಿರುವ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಡಾಬ್ಸ್‌ಗೆ ಒಂದು ಪೇಟೆಯೇ ಇದೆ. ಇವರಿಗೆ ಒಂದು ಪುಟವಾದರೂ ಇರಬೇಡವೆ?